200 ಎಂಬಿಪಿಎಸ್ ಪ್ಲಾನ್ ಇದ್ದರೂ ವೈಫೈ ನಿಧಾನ. ಹೊಸ ರೂಟರ್ ತಗೊಳ್ಳಬೇಕಾ?

ದುಡ್ಡು ಹಾಕುವ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ನೋಡಿ.

ಅಲ್ಲೂ 20-30 ಮಾತ್ರ ಬಂದರೆ ತೊಂದರೆ ಹೆಚ್ಚಾಗಿ ಲೈನ್‌ನದ್ದು. ಕಂಪನಿಗೆ ದೂರು ಕೊಡಿ, ಸುಮ್ನೆ ರೂಟರ್ ಬದಲಾಯಿಸಬೇಡಿ.

ಸ್ಪೀಡ್ 94-95ರ ಹತ್ತಿರ ಬಂದು ನಿಂತುಬಿಟ್ಟರೆ ರೂಟರ್ ಮೇಲೆ ಅನುಮಾನ ಪಡಿ. ಹಳೆಯ, ಅಗ್ಗದ ರೂಟರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು. ಡಬ್ಬದ ಮೇಲೆ 300 ಅಂತ ದೊಡ್ಡದಾಗಿ ಬರೆದಿದ್ದರೂ ಒಳಗೆ ಬರುವ ದಾರಿಯೇ ಕಿರಿದು, ಅಲ್ವಾ? ಮಾಡೆಲ್ ವಿವರದಲ್ಲಿ '10/100' ಅಂತಿದ್ದರೆ ಅದೇ ಕಾರಣ. (ಕೇಬಲ್ ಹಾಳಾಗಿದ್ದರೂ ಹೀಗೇ ಆಗುತ್ತದೆ, ಒಮ್ಮೆ ಬೇರೆ ಕೇಬಲ್ ಹಾಕಿ ನೋಡಿ.) ಪೋರ್ಟೇ ಕಾರಣ ಅಂತಾದರೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರುವ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ) ರೂಟರ್ ಖಂಡಿತ ತಗೊಳ್ಳಿ.

ಕೇಬಲ್‌ನಲ್ಲಿ ಪೂರ್ತಿ 200 ಬಂದು ಮೊಬೈಲ್‌ನಲ್ಲಿ ಮಾತ್ರ 40 ಬರುತ್ತಿದೆಯಾ? ಫೋನ್ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ (ರೇಡಿಯೋ ತರಂಗದ ಪಟ್ಟಿ) ಇರಬಹುದು. ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಅದೇ ಬ್ಯಾಂಡ್‌ನಲ್ಲಿ ಇರುತ್ತಾರೆ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಅದು ಗೋಡೆ ದಾಟುವುದು ಕಷ್ಟ, ಹಾಗಾಗಿ ಟಿವಿ ಹಿಂದೆ ಇಟ್ಟ ರೂಟರನ್ನು ಮನೆಯ ನಡುವೆ ಎತ್ತರದಲ್ಲಿಡಿ.

ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ವೈಫೈ 6 (ವೈಫೈ 5ರ ನಂತರದ ತಲೆಮಾರು) ಇಲ್ಲದಿದ್ದರೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. 200ರ ಪ್ಲಾನ್‌ಗೆ ಒಳ್ಳೆಯ ವೈಫೈ 5 ರೂಟರ್ ಸಾಕು.