ಮುಚ್ಚಿಡಲು ಏನೂ ಇಲ್ಲದಿದ್ದರೆ ಸೇನೆ ಸುಳ್ಳು ಹೇಳಿದ್ದೇಕೆ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಸ್‌ವೆಲ್ ಬಳಿ ಬಿದ್ದದ್ದು ಹಾರುವ ತಟ್ಟೆಯಲ್ಲದಿದ್ದರೆ ಅಲ್ಲಿನ ಸೇನೆ ಸುಳ್ಳೇಕೆ ಹೇಳಿತು ಎಂದು ಕೇಳಿದ್ದೀರಿ. ಒಂದು ಕಾಲದಲ್ಲಿ ಇದು ನನ್ನ ಬ್ರಹ್ಮಾಸ್ತ್ರವಾಗಿತ್ತು. ಇದರಿಂದಲೇ ಪತ್ರಿಕೆಯೊಂದರಲ್ಲಿ ನಾನು ಬರೆಯುತ್ತಿದ್ದ ಅಂಕಣ ನಿಂತುಹೋಯಿತು.

1947ರ ಜುಲೈ 8ರಂದು ಹಾರುವ ತಟ್ಟೆ ಸಿಕ್ಕಿದೆ ಎಂದು ಪ್ರಕಟಿಸಿದ್ದು ಸೇನೆಯೇ. ಕೆಲವೇ ಗಂಟೆಗಳಲ್ಲಿ ಅದು ಹವಾಮಾನ ಬಲೂನಾಯಿತು. ಆ ಮಾತು ಪೂರ್ತಿ ನಿಜವಲ್ಲವೆಂದು 1994ರಲ್ಲಿ ವಾಯುಪಡೆಯ ವರದಿಯೇ ಒಪ್ಪಿಕೊಂಡಿತು. ನಾನು ಹಿಗ್ಗಿಹೋದೆ. ಆ ಒಪ್ಪಿಗೆಯನ್ನೇ ಮುಂದಿಟ್ಟು ಲೇಖನ ಬರೆದೆ.

ವರದಿಯ ಉಳಿದ ಭಾಗವನ್ನೂ ಓದಿದ್ದೆ, ಬೇಕೆಂದೇ ಕೈಬಿಟ್ಟೆ. ಅದರಲ್ಲಿದ್ದದ್ದು ಮೊಗಲ್ ಯೋಜನೆಯ ವಿವರ: ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಬಹುದೂರದಿಂದ ಹಿಡಿಯಲು ಮೈಕ್ರೊಫೋನ್ ಹೊತ್ತು ಮೇಲೇರುತ್ತಿದ್ದ ಬಲೂನುಗಳ ಉದ್ದನೆಯ ಸಾಲು. ರಬ್ಬರು, ಬೆಳ್ಳಿಹಾಳೆ, ಹಗುರ ಮರದ ಕಡ್ಡಿ, ಇವು ಯಾವುವೂ ಗುಟ್ಟಿನ ವಸ್ತುಗಳಲ್ಲ. ಗುಟ್ಟಾಗಿದ್ದದ್ದು ಉದ್ದೇಶ. ಸುಳ್ಳು ಸಿಕ್ಕಿಬಿದ್ದರೆ ಅದರ ಹಿಂದೆ ಏನೋ ಇದೆ ಎಂದಷ್ಟೇ ಗೊತ್ತಾಗುತ್ತದೆ. ಏನಿದೆ ಎಂಬ ಜಾಗ ಖಾಲಿಯೇ ಇರುತ್ತದೆ. ಅಲ್ಲಿ ನಾನು ನನಗಿಷ್ಟವಾದದ್ದನ್ನು ಕೂರಿಸಿದೆ. ಅದು ಅಜ್ಞಾನವಾಗಿರಲಿಲ್ಲ, ಕಳ್ಳಾಟ. ಸಂಪಾದಕರು ವರದಿಯನ್ನು ತರಿಸಿ ಓದಿದರು. ಮುಂದಿನ ಸಂಚಿಕೆಯಲ್ಲಿ ನನ್ನ ಹೆಸರಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ. ಮುಚ್ಚಿಡಲು ಅವರ ಬಳಿ ಬೇಕಾದಷ್ಟಿತ್ತು. 1955ರಲ್ಲಿ ನೆವಾಡದ ಗ್ರೂಮ್ ಲೇಕ್‌ನಿಂದ ಯು-2 ಬೇಹುವಿಮಾನ 60,000 ಅಡಿಗಿಂತ ಮೇಲೆ ಹಾರತೊಡಗಿತು. ಆಗಿನ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 10,000ದಿಂದ 20,000 ಅಡಿಯಲ್ಲಿ ಹಾರುತ್ತಿದ್ದವು. ಅವುಗಳ ಪೈಲಟ್‌ಗೆ ಸೂರ್ಯ ಮುಳುಗಿದ ಮೇಲೂ ಅಷ್ಟೆತ್ತರದ ಬೆಳ್ಳಿರೆಕ್ಕೆಗೆ ಬಿಸಿಲು ತಾಗಿ ಬೆಂಕಿಯಂತೆ ಹೊಳೆಯುತ್ತಿತ್ತು. ಹಾರುವ ತಟ್ಟೆ ಕಂಡೆವೆಂಬ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ಬ್ಲೂ ಬುಕ್ ಯೋಜನೆಯ ತನಿಖಾಧಿಕಾರಿಗಳು ಅಮೆರಿಕದ ಬೇಹುಸಂಸ್ಥೆ ಸಿಐಎಯ ಹಾರಾಟದ ದಾಖಲೆಯೊಡನೆ ತಾಳೆ ನೋಡಿ ಕಾರಣ ತಿಳಿದುಕೊಳ್ಳುತ್ತಿದ್ದರು, ದೂರು ಕೊಟ್ಟವರಿಗೆ ಮಾತ್ರ ಹೇಳುವಂತಿರಲಿಲ್ಲ. ಕಣ್ಣಾರೆ ಕಂಡ ಪೈಲಟ್‌ಗೆ ಇನ್ನೇನೋ ಸಬೂಬು ಸಿಕ್ಕರೆ ಅವನು ಸರ್ಕಾರವನ್ನು ನಂಬುತ್ತಾನೆಯೇ? ನಾನಾಗಿದ್ದರೂ ನಂಬುತ್ತಿರಲಿಲ್ಲ.

ಹಾಗೆಂದು ಸಿಐಎಯನ್ನು ಸತ್ಯಹರಿಶ್ಚಂದ್ರನೆಂದು ತಿಳಿಯಬೇಡಿ. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ಇಂಥ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ತನ್ನ ಬೇಹುವಿಮಾನಗಳವೇ ಎಂದು ಅದರ ಇತಿಹಾಸಕಾರರು 1997ರಲ್ಲಿ ಬರೆದರು. ಆ ಲೆಕ್ಕವನ್ನು ಒಪ್ಪದ ಸಂಶೋಧಕರಿದ್ದಾರೆ, ನನಗೂ ಅದು ಉತ್ಪ್ರೇಕ್ಷೆಯೆನಿಸುತ್ತದೆ.

ಯಾವ ಘಟನೆಯನ್ನೇ ಹಿಡಿಯಿರಿ, ದಿನಾಂಕ, ಹೊತ್ತು, ದಿಕ್ಕು ಬರೆದುಕೊಂಡು ಆಗ ಆ ಆಕಾಶದಲ್ಲಿ ಏನೇನು ಹಾರುತ್ತಿತ್ತು ಎಂದು ಮೊದಲು ಹುಡುಕಿ. ಬ್ಲೂ ಬುಕ್‌ನ 12,618 ವರದಿಗಳಲ್ಲಿ 701ಕ್ಕೆ ಉತ್ತರ ಸಿಗಲಿಲ್ಲ. ಅವುಗಳಲ್ಲಿ ಒಂದನ್ನು ಹಿಡಿದು ಕೇಳಿ, ಸಂತೋಷದಿಂದ ತಲೆಕೆಡಿಸಿಕೊಳ್ಳುತ್ತೇನೆ. ರಾಸ್‌ವೆಲ್ ಮಾತ್ರ ಬೇಡ.