ಎರಡು ಅಂಕ ಬರೆದದ್ದು ನೀವೇ ಅಲ್ವಾ?

ಕುಂದಾಪುರ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ‘ಕಾಲೇಜಿನಲ್ಲಿ ಕಬಡ್ಡಿ ಆಡಿದವಳು ನಾನು. ಮೂರು ವರ್ಷದಿಂದ ನಮ್ಮೂರ ಹೊನಲು ಬೆಳಕಿನ ಪಂದ್ಯಾಟದಲ್ಲಿ ಸ್ಕೋರ್ ಬರೆಯುತ್ತೇನೆ. ಸ್ವಾಗತಕ್ಕೆ, ಬಹುಮಾನ ವಿತರಣೆಗೆ ಮೈಕ್ ನನಗೇ ಕೊಡುತ್ತಾರೆ. ಆಟ ಶುರುವಾಗುವಾಗ ವಾಪಸ್ ತಗೊಳ್ಳುತ್ತಾರೆ. ಕಳೆದ ಸಲ ಫೈನಲ್‌ನಲ್ಲಿ ಸೂಪರ್ ಟ್ಯಾಕಲ್‌ಗೆ ಒಂದೇ ಅಂಕ ಎಂದು ಮೈಕ್‌ನಲ್ಲಿ ಕೂಗಿದರು. ನಾನು ಎರಡು ಬರೆದಿದ್ದೆ. ಹೇಳಲು ಬಾಯಿ ಬರಲಿಲ್ಲ. ನನಗೂ ವೀಕ್ಷಕ ವಿವರಣೆ ಮಾಡುವ ಆಸೆ. ಆದರೆ ಧೈರ್ಯ ಇಲ್ಲ, ದನಿಯೂ ತೆಳು. ಏನು ಮಾಡಲಿ?’

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅಂಕಣದಲ್ಲಿ ಹಿಡಿಯುವ ತಂಡದ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ, ಮುಟ್ಟಲು ನುಗ್ಗಿ ಬಂದ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ನೀವು ಬರೆದದ್ದು ಸರಿ. ಮೈಕ್ ಹಿಡಿದವರು ಹೇಳಿದ್ದು ತಪ್ಪು. ಹಾಗಿರುವಾಗ ಧೈರ್ಯ ಇಲ್ಲದವರು ಎಂದು ನಿಮ್ಮನ್ನು ನೀವೇ ಕರೆದುಕೊಳ್ಳುವುದು ಯಾವ ನ್ಯಾಯ? ಆ ಮೇಜಿನಲ್ಲಿ ಆಟ ಗೊತ್ತಿದ್ದವರು ನೀವು. ಗಂಟಲು ಇದ್ದವರು ಅವರು.

ದನಿಯ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಪಂದ್ಯಾಟಗಳಲ್ಲಿ ತೆಂಗಿನ ಮರಕ್ಕೆ ಕಟ್ಟುವ ಹಾರ್ನ್ ಸ್ಪೀಕರ್‌ಗಳಿಗೆ ದಪ್ಪ ದನಿಯ ತಳವನ್ನು ಹೊರಡಿಸಲು ಆಗುವುದೇ ಇಲ್ಲ. ತೆಳು ದನಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕಿರುಚಬಾರದು, ಅಷ್ಟೇ. ಕಿರುಚಿದರೆ ಯಾರ ದನಿಯಾದರೂ ಒಡೆಯುತ್ತದೆ.

ಮೈಕ್ ಹಿಡಿಯುವ ಹೆಂಗಸರು ಹೊಸಬರೇನಲ್ಲ. ಭಾರತ ಟೆಸ್ಟ್ ಕ್ರಿಕೆಟ್ ತಂಡದ ಮೊದಲ ನಾಯಕ ಸಿ.ಕೆ. ನಾಯ್ಡು ಅವರ ಮಗಳು ಚಂದ್ರಾ ನಾಯ್ಡು 1977ರಲ್ಲೇ ಇಂದೋರ್‌ನಲ್ಲಿ ಇಂಗ್ಲೆಂಡಿನಿಂದ ಬಂದ ಎಂಸಿಸಿ ತಂಡದ ಪಂದ್ಯಕ್ಕೆ ಕಾಮೆಂಟರಿ ಹೇಳಿದ್ದರು. ಈಗ ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ಭಾರತದ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿ, ಆಮೇಲೆ ಕಾಮೆಂಟರಿಗೆ ಕೂತಿದ್ದಾರೆ. ಆದರೆ ಇವರನ್ನು ನೋಡಿ ಧೈರ್ಯ ತಗೊಳ್ಳಿ ಎನ್ನಲಾರೆ. ಒಬ್ಬರಿಗೆ ಮನೆಯೇ ಕ್ರಿಕೆಟ್, ಇನ್ನೊಬ್ಬರಿಗೆ ದೇಶದ ಜರ್ಸಿ. ನಿಮಗಿರುವುದು ಒಂದು ಪೆನ್ನು, ಒಂದು ಸ್ಕೋರ್ ಶೀಟ್. ಸುಮ್ನೆ ಹೇಳುತ್ತಿಲ್ಲ, ಅದು ದೊಡ್ಡದು. ಯಾವ ರೈಡರ್ ಯಾವ ಮೂಲೆಗೆ ಜಾಸ್ತಿ ಹೋಗುತ್ತಾಳೆ, ಯಾರು ಹೆಚ್ಚುವರಿ ಅಂಕದ ಬೋನಸ್ ಗೆರೆಗೇ ಕಾಲು ಹಾಕುತ್ತಾಳೆ, ಯಾರು ಎಷ್ಟು ಹೊತ್ತು ಹೊರಗೆ ಕೂತಳು, ಇದೆಲ್ಲ ಮೂರು ವರ್ಷದಿಂದ ನಿಮ್ಮ ಕಣ್ಣಿಗೆ ಬಿದ್ದಿದೆ. ‘ಅದ್ಭುತ, ಅಮೋಘ, ಅತ್ಯದ್ಭುತ’ ಎಂದು ಮೂರೇ ಪದದಲ್ಲಿ ರಾತ್ರಿ ಕಳೆಯುವವರಿಗೆ ಇದರಲ್ಲಿ ಒಂದೂ ಬಿದ್ದಿರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹುಡುಗಿಯರ ಕಬಡ್ಡಿ ‘ಸ್ವಲ್ಪ ನಿಧಾನ’ ಎಂದು ಮೈಕ್‌ನಲ್ಲೇ ಹೇಳಿದ್ದನ್ನು ಕೇಳಿದ್ದೇನೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12 ಮತ್ತು 8. ಏಳು ಜನ ನಿಂತ ಮೇಲೆ ನುಸುಳಿ ಓಡಲು ಜಾಗವೇ ಕಡಿಮೆ. ಹಾಗಾಗಿ ರೈಡರ್ ಕಾಯುತ್ತಾಳೆ, ಎದುರಿನವರ ಕೈಕೊಂಡಿ ಬಿಡುವುದನ್ನು ನೋಡುತ್ತಾಳೆ. ಅದನ್ನು ನಿಧಾನ ಎನ್ನಬಾರದು, ಹೊಂಚು ಎನ್ನಬೇಕು. ನೀವು ಮೈಕ್ ಹಿಡಿದಿದ್ದರೆ ಇದನ್ನು ಹೇಳುತ್ತಿದ್ದಿರಿ. ಕೇಳಿದವರು ಮುಂದಿನ ರೈಡನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರು.

ನಮ್ಮ ತಪ್ಪೂ ಇದೆ. ನಿಮ್ಮ ಪತ್ರ ಬಂದ ಮೇಲೆ ನಮ್ಮದೇ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಹುಡುಗಿಯರ ತಂಡ ಗೆದ್ದ ಸುದ್ದಿಯಲ್ಲಿ ಟ್ರೋಫಿ ಕೊಟ್ಟ ಗಣ್ಯರ ಹೆಸರು ಸಾಲಾಗಿ ಇವೆ. ಅಂಕ ತಂದವರು ಯಾರು? ಒಂದು ಅಕ್ಷರ ಇಲ್ಲ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ನಾಯಕಿಯಾಗಿ 2012ರಲ್ಲಿ ಪಟ್ನಾದಿಂದ ಮೊದಲ ಮಹಿಳಾ ವಿಶ್ವಕಪ್ ತಂದರು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡಗಳಲ್ಲೂ ಇದ್ದರು. ರೈಲ್ವೆ ಕೆಲಸ, ಅರ್ಜುನ ಪ್ರಶಸ್ತಿ ಎರಡೂ ಆಟದಿಂದಲೇ ಬಂದವು. ನಮ್ಮ ಜಿಲ್ಲೆಯ ಮನೆಮನೆಗೂ ಈ ಹೆಸರು ಗೊತ್ತು. ಆದರೆ ಅವರು ಹೇಗೆ ರೈಡ್ ಮಾಡುತ್ತಿದ್ದರು ಎಂದು ಎಷ್ಟು ಮಂದಿ ಹೇಳಬಲ್ಲರು? ಎರಡನೇ ಮಹಿಳಾ ವಿಶ್ವಕಪ್‌ಗೆ 2025ರ ವರೆಗೆ ಕಾಯಬೇಕಾಯಿತು. ಹದಿಮೂರು ವರ್ಷ! ಆಟವನ್ನು ವಿವರಿಸುವವರು ಇಲ್ಲದಿದ್ದರೆ ಆಟಗಾರ್ತಿ ಸನ್ಮಾನದ ಫೋಟೋ ಆಗಿ ಉಳಿದುಬಿಡುತ್ತಾಳೆ.

ಈಗ ಕೆಲಸದ ಮಾತು. ಫೈನಲ್‌ಗೆ ಮೈಕ್ ಕೇಳಬೇಡಿ, ಕೊಡುವುದಿಲ್ಲ. ಸಂಜೆ ಐದಕ್ಕೆ ನಡೆಯುವ ಮಕ್ಕಳ ಪಂದ್ಯಕ್ಕೆ ಕೇಳಿ. ಆ ಹೊತ್ತಿಗೆ ಯಾರಿಗೂ ಮೈಕ್ ಬೇಕಿರುವುದಿಲ್ಲ. ಮನೆಯಲ್ಲಿ ಟಿವಿ ದನಿ ಆರಿಸಿ ಒಂದು ಪಂದ್ಯ ಪೂರ್ತಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮಗೇ ಅಸಹ್ಯ ಆಗುತ್ತದೆ. ಎಲ್ಲರಿಗೂ ಆಗುತ್ತದೆ. ರೆಫ್ರಿ ಪರೀಕ್ಷೆಗೂ ಓದಿ. ನಿಯಮದ ಪುಸ್ತಕ ಬಾಯಿಪಾಠ ಇದ್ದವರನ್ನು ತಡೆದು ಮಾತಾಡುವುದು ಕಷ್ಟ. ಈಗ ಊರ ಪಂದ್ಯಾಟವೂ ಯೂಟ್ಯೂಬ್‌ನಲ್ಲಿ ಲೈವ್ ಹೋಗುತ್ತದೆ. ಅಲ್ಲಿ ಪರದೆಯ ಮೇಲೆ ಅಂಕ ಹಾಕಲು, ವಿವರಣೆಗಾರರಿಗೆ ಪಕ್ಕದಿಂದ ಲೆಕ್ಕ ಕೊಡಲು ಸ್ಕೋರ್ ಬಲ್ಲವರೇ ಬೇಕು. ಓದು ಮುಂದುವರಿಸುವ ಮನಸ್ಸಿದ್ದರೆ ಪತ್ರಿಕೋದ್ಯಮಕ್ಕೆ ಕೊಣಾಜೆ, ಮಣಿಪಾಲ ಹತ್ತಿರವೇ ಇವೆ.

ದುಡ್ಡಿನ ಮಾತನ್ನೂ ಮೊದಲೇ ಆಡಿ. ಗಂಡಸಿಗೆ ಲಕೋಟೆ, ಹೆಂಗಸಿಗೆ ಶಾಲು ಮತ್ತು ಸ್ಮರಣಿಕೆ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಭಾರತದ ಕ್ರಿಕೆಟ್ ಮಂಡಳಿಯೇ 2022ರ ಅಕ್ಟೋಬರ್‌ನಲ್ಲಿ ಇಬ್ಬರಿಗೂ ಒಂದೇ ಪಂದ್ಯ ಶುಲ್ಕ ಎಂದು ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ವಾರ್ಷಿಕ ಗುತ್ತಿಗೆಯ ಕಥೆ ಬೇರೆ, ಅದು ಇರಲಿ. ನಿಮ್ಮೂರ ಯುವಕ ಮಂಡಲಕ್ಕೆ ಎರಡು ಲಕೋಟೆ ಭಾರ ಆಗದು.

ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ, ‘ಪಂದ್ಯ ಮುಗಿಯುವಾಗ ರಾತ್ರಿ ಎರಡು ಗಂಟೆ, ಅಪ್ಪ ಕಾದು ಕರೆದುಕೊಂಡು ಹೋಗುತ್ತಾರೆ’ ಎಂದು. ನನಗೆ ನಿಜವಾದ ತೊಡಕು ಕಂಡದ್ದು ಇಲ್ಲಿ. ಇದು ನಿಮ್ಮ ಧೈರ್ಯದ ಪ್ರಶ್ನೆ ಅಲ್ಲ, ಸಂಘಟಕರ ವೇಳಾಪಟ್ಟಿಯ ಪ್ರಶ್ನೆ. ಹೆಣ್ಣುಮಕ್ಕಳ ಪಂದ್ಯವನ್ನು ನಡುರಾತ್ರಿಯ ‘ಪ್ರದರ್ಶನ ಪಂದ್ಯ’ ಮಾಡದೆ ಮುಸ್ಸಂಜೆಗೇ ಇಟ್ಟರೆ ಏನು ನಷ್ಟ? ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಶೌಚಾಲಯ, ಮನೆ ಮುಟ್ಟಿಸಲು ಒಂದು ವಾಹನ. ಪೆಂಡಾಲಿಗೆ ಖರ್ಚು ಮಾಡುವವರಿಗೆ ಇದು ಹೆಚ್ಚೇ? ಈ ಪುಟ ಓದುವ ಸಂಘಟಕರು ಉತ್ತರ ಬರೆದರೆ ಅದನ್ನೂ ಅಚ್ಚು ಹಾಕುತ್ತೇವೆ.

ಅಷ್ಟಮಿಗೆ ನಿಮ್ಮೂರಲ್ಲಿ ಮೊಸರುಕುಡಿಕೆ ಪಂದ್ಯಾಟ ಇದ್ದೇ ಇರುತ್ತದೆ. ಮಕ್ಕಳ ಪಂದ್ಯದ ಐದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ, ಕೇಳಿ ಅಭಿಪ್ರಾಯ ಹೇಳುತ್ತೇನೆ. ಹಾಗೇ ಆ ಫೈನಲ್‌ನ ಸ್ಕೋರ್ ಶೀಟ್ ಇಟ್ಟುಕೊಂಡಿದ್ದರೆ ಅದರ ಫೋಟೋವನ್ನೂ ಕಳಿಸಿ. ಗೆದ್ದವರು ಎಷ್ಟು ಅಂಕದಿಂದ ಗೆದ್ದರು ಎಂದು ನೀವು ಬರೆದೇ ಇಲ್ಲ. ಒಂದೇ ಅಂಕದ ಅಂತರ ಆಗಿದ್ದರೆ ನನಗೆ ನಿದ್ದೆ ಬರಲಿಕ್ಕಿಲ್ಲ.

— ಸಂಪಾದಕ