ಸಂಪಾದಕರ ಉತ್ತರ: ಕೋಳಿ ಸುದ್ದಿಗೂ ಪುಟ ಬೇಕು

‘ಹಿತ್ತಲ ಸುದ್ದಿ’ ಅಂತ ಪ್ರತಿ ಸಂಚಿಕೆಯಲ್ಲೂ ಒಂದು ಪುಟ ಹಾಕುತ್ತೀರಿ. ಯಾರದೋ ಕೋಳಿ ಕಾವಿಗೆ ಕೂತಿತು, ಯಾರದೋ ಮರಿಯನ್ನು ಹದ್ದು ಒಯ್ದಿತು. ಇದರಿಂದ ಯಾರಿಗೇನು ಲಾಭ? ಅದೇ ಜಾಗದಲ್ಲಿ ಕೋಳಿ ಫಾರಂ, ಸಾಲ, ಸಬ್ಸಿಡಿ ಬಗ್ಗೆ ಬರೆಯಬಾರದೇ?
– ಒಬ್ಬ ನಿವೃತ್ತ ಮೇಷ್ಟ್ರು, ದಾವಣಗೆರೆ

ಮೇಷ್ಟ್ರೇ, ಫಾರಂ ಬಗ್ಗೆಯೂ ಬರೆಯಬೇಕು, ಒಪ್ಪಿದೆ. ಅದರಿಂದ ಬದುಕು ಕಟ್ಟಿಕೊಂಡವರು ನಮ್ಮಲ್ಲೂ ಇದ್ದಾರೆ. ಬರೆಯುತ್ತೇವೆ. ಆದರೆ ಹಿತ್ತಲ ಸುದ್ದಿಯ ಪುಟ ಮಾತ್ರ ಬಿಟ್ಟುಕೊಡುವುದಿಲ್ಲ.

ಹೊಳಲ್ಕೆರೆ ಕಡೆಯ ಒಬ್ಬ ತಾಯಿ ಬರೆದದ್ದನ್ನು ನೀವು ಓದಿದಿರಾ? ಅವರ ನಾಟಿ ಕೋಳಿ ಹನ್ನೊಂದು ಮೊಟ್ಟೆ ಇಟ್ಟುಕೊಂಡು ಕಾವಿಗೆ ಕೂತಿತ್ತು. ಏಳನೇ ರಾತ್ರಿ ಆಕೆ ಒಂದೊಂದೇ ಮೊಟ್ಟೆ ತೆಗೆದು, ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿದರು. ಒಂಬತ್ತರಲ್ಲಿ ಕೆಂಪು ನರ ಎಳೆ ಎಳೆಯಾಗಿ ಹರಡಿತ್ತು. ಎರಡು ಬರೀ ತಿಳಿ, ಮರಿ ಕಟ್ಟಿರಲಿಲ್ಲ. ಆ ಎರಡನ್ನು ತೆಗೆದರು. ಇಪ್ಪತ್ತೊಂದನೇ ದಿನ ಒಂದು ಮೊಟ್ಟೆ ಸಣ್ಣಗೆ ಬಿರುಕು ಬಿಟ್ಟಿತು, ಒಳಗಿಂದ ಚಿಂವ್ ಚಿಂವ್ ದನಿ. ಸಂಜೆಯಾದರೂ ಮರಿ ಹೊರಗೆ ಬರಲಿಲ್ಲ. ಸೊಸೆ ಸಿಪ್ಪೆ ಬಿಡಿಸೋಣ ಅಂದಳು. ಅತ್ತೆ ಬೇಡ ಅಂದರು. ಬೆಳಗಿನ ಹೊತ್ತಿಗೆ ಮರಿ ತಾನೇ ಬಂದಿತ್ತು. ಅತ್ತೆ ಮಾಡಿದ್ದೇ ಸರಿ. ಸಿಪ್ಪೆ ಬಿರಿದ ಮೇಲೂ ಮರಿ ಒಂದು ಇಡೀ ದಿನ ತೆಗೆದುಕೊಳ್ಳಬಹುದು. ಅವಸರ ಮಾಡಿದರೆ ಒಳಪೊರೆಯ ನರ ಹರಿದು ರಕ್ತ ಬರುತ್ತದೆ. ಇಷ್ಟು ಪಾಠ ಆ ಪುಟ್ಟ ಕಾಗದದಲ್ಲಿತ್ತು. ಲಾಭ ಏನು ಅಂತ ಕೇಳಿದಿರಲ್ವಾ?

ಇನ್ನೊಂದು ನೋಡಿ. ಜಗಳೂರಿನಿಂದ ಒಬ್ಬರು ಬರೀ ನಾಲ್ಕು ಸಾಲು ಬರೆದಿದ್ದರು. ಪಕ್ಕದ ಓಣಿಯಲ್ಲಿ ಒಂದು ಹುಂಜ ಕತ್ತು ತಿರುಚಿಕೊಂಡು ಬಿದ್ದಿತ್ತು, ಹಸಿರು ಹಿಕ್ಕೆ ಹಾಕುತ್ತಿತ್ತು, ಬಾಯಿ ತೆರೆದು ಉಸಿರಾಡುತ್ತಿತ್ತು. ಇದು ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ಅನ್ನುವ ಕೋಳಿಯ ಅಂಟುರೋಗದ ಲಕ್ಷಣ. ಬಂದ ಮೇಲೆ ಅದಕ್ಕೆ ಔಷಧಿ ಇಲ್ಲ. ಕೋಳಿ ಚೆನ್ನಾಗಿರುವಾಗಲೇ ಲಸಿಕೆ ಹಾಕಿಸಬೇಕು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಆಮೇಲೆ ಎರಡು ತಿಂಗಳ ಹೊತ್ತಿಗೆ ಇಂಜೆಕ್ಷನ್. ಆ ಹುಂಜದ ಮಾತು ಗೋಡೆ ದಾಟಿ ಬಂದಿದ್ದರಿಂದಲೇ ಇವರ ಓಣಿಯವರು ಪಶು ಆಸ್ಪತ್ರೆಗೆ ಓಡಿದರು.

ಮೇಷ್ಟ್ರೇ, ನನಗೆ ಬೇಜಾರಾಗುವುದು ಬೇರೆಯದಕ್ಕೆ. ಯಾವ ನಾಯಕರು ಎಲ್ಲಿ ಬೆಣ್ಣೆ ದೋಸೆ ತಿಂದರು ಅನ್ನೋದು ಫೋಟೋ ಸಮೇತ ಬರುತ್ತದೆ. ಅದಕ್ಕೆ ಯಾರೂ ಲಾಭ ಕೇಳುವುದಿಲ್ಲ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆದು ಲಾರಿಗಟ್ಟಲೆ ಕೋಳಿ ಆಹಾರಕ್ಕೆ ಹೋಗುತ್ತದೆ. ಆ ಜೋಳದ ರೇಟು ದಿನಾ ಅಚ್ಚಾಗುತ್ತದೆ. ಅಂಗಳಕ್ಕೆ ಚೆಲ್ಲಿದ ಕಾಳು ಹೆಕ್ಕಿ ಬದುಕುವ ಕೋಳಿಗೆ, ಅದನ್ನು ಸಾಕಿ ಮೊಮ್ಮಗನ ನೋಟ್‌ಬುಕ್ಕಿಗೆ ದುಡ್ಡು ಹೊಂದಿಸುವ ಅಜ್ಜಿಗೆ ಒಂದು ಪುಟ ಕೊಟ್ಟರೆ ಜಾಸ್ತಿಯಾಯಿತೇ?

ಹಿತ್ತಿಲೇ ಕಾಣೆಯಾಗುತ್ತಿದೆ. ಹೊಸ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ಸೈಟು, ಕಾಂಪೌಂಡಿನವರೆಗೂ ಸಿಮೆಂಟು. ಕೋಳಿ ಕೆದಕಲು ಒಂದು ಹಿಡಿ ಮಣ್ಣಿಲ್ಲ. ಹುಂಜ ಕೂಗಿದರೆ ನಿದ್ದೆ ಹಾಳು ಅಂತ ಪಕ್ಕದ ಮನೆಯವರ ತಕರಾರು. ರಾತ್ರಿ ಹನ್ನೊಂದರವರೆಗೆ ಡಿಜೆ ಹಾಕಿದರೆ ಅವರೇ ಸುಮ್ನೆ ಇರುತ್ತಾರೆ! ಮೊದಲು ಗೋಡೆಯ ಈಚೆಯಿಂದ ‘ನಿಮ್ಮ ಹ್ಯಾಟೆ ನಮ್ಮ ಬಣವೆಯಲ್ಲಿ ಮೊಟ್ಟೆ ಇಟ್ಟಿದೆ’ ಅಂತ ಕೂಗಿ ಹೇಳುತ್ತಿದ್ದರು. ಆ ನೆಪದಲ್ಲಿ ಎರಡು ಮನೆಯ ಕಷ್ಟಸುಖವೂ ಆಗುತ್ತಿತ್ತು. ಈಗ ಪಕ್ಕದ ಮನೆಯವರ ಹೆಸರು ಗೇಟಿನ ಬೋರ್ಡು ನೋಡಿ ತಿಳಿಯಬೇಕು.

ನಿಮ್ಮ ಕಾಗದದ ಹಿಂಬದಿಯಲ್ಲಿ ಇನ್ನೆರಡು ಸಾಲಿದ್ದವು. ಮನೆಯವರು ಸಾಕಿದ ಕೋಳಿ ತಿಂಗಳಿಂದ ಮೊಟ್ಟೆ ಇಟ್ಟಿಲ್ಲ, ಕತ್ತಿನ ಗರಿ ಉದುರುತ್ತಿದೆ, ರೋಗವೇ ಅಂತ ಕೇಳಿದ್ದೀರಿ. ಚೆನ್ನಾಗಿ ಗಮನಿಸಿದ್ದೀರಿ. ಕೋಳಿ ಚುರುಕಾಗಿ ಮೇಯುತ್ತಿದ್ದರೆ ರೋಗವಲ್ಲ, ಹಳೆ ಗರಿ ಬಿಟ್ಟು ಹೊಸದು ಹಾಕುತ್ತಿದೆ. ಆಗ ಮೊಟ್ಟೆ ನಿಲ್ಲುವುದು ಸಹಜ. ಎರಡು ಮೂರು ತಿಂಗಳು ಹಿಡಿಯಬಹುದು. ಕಾಳಿನ ಜೊತೆ ಸ್ವಲ್ಪ ಶೇಂಗಾ ಹಿಂಡಿ ಕೊಡಲು ಹೇಳಿ, ಬೂಸ್ಟು ಹಿಡಿದದ್ದು ಬೇಡ. ಮತ್ತೆ ಮೊಟ್ಟೆ ಶುರುವಾದಾಗ ನಿಮ್ಮ ಮನೆಯವರ ಕೈಯಲ್ಲೇ ನಮಗೊಂದು ಕಾಗದ ಬರೆಸಿ. ಅವರ ಹೆಸರಿನಲ್ಲೇ ಹಾಕುತ್ತೇವೆ.